ಸಹಸಂಬಂಧವೋ, ಕಾರಣವೋ? ಸಮಾಜ ಮನೋವಿಜ್ಞಾನದ ಅಧ್ಯಯನಗಳನ್ನು ಜರಡಿ ಹಿಡಿಯುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಒಂದು ಸರ್ಕಾರಿ ಕಾರ್ಯಪಡೆ ರಚಿಸಿತು. ಜನರ ಆತ್ಮಗೌರವ ಹೆಚ್ಚಿಸುವ ದಾರಿ ಹುಡುಕುವುದು ಅದರ ಕೆಲಸ. ಇದರ ಹಿಂದೆ ನಿಂತವರು ಶಾಸಕ ಜಾನ್ ವಾಸ್ಕೊನ್ಸೆಲೋಸ್. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳು, ಮಾದಕ ವಸ್ತುಗಳ ಚಟ ಹತ್ತಿದವರು, ಅಪರಾಧಕ್ಕೆ ಇಳಿದವರು, ಇವರಲ್ಲೆಲ್ಲ ಆತ್ಮಗೌರವ ಕಡಿಮೆ ಇರುತ್ತದೆ, ಅದನ್ನು ಏರಿಸಿದರೆ ಈ ತೊಂದರೆಗಳು ತಾನಾಗಿಯೇ ಇಳಿಯುತ್ತವೆ ಅನ್ನುವುದು ನಂಬಿಕೆ. ಕಾರ್ಯಪಡೆಯ 1990ರ ವರದಿ ಆತ್ಮಗೌರವವನ್ನು ಸಮಾಜಕ್ಕೆ ಹಾಕುವ ಲಸಿಕೆ ಎಂಬಂತೆ ಬಣ್ಣಿಸಿತು.

ಇದೇ ಕಾರ್ಯಪಡೆಯ ಕೋರಿಕೆಯ ಮೇಲೆ ವಿದ್ವಾಂಸರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ 1989ರಲ್ಲಿ ಒಂದು ಪುಸ್ತಕ ತಂದಿದ್ದರು. ಆತ್ಮಗೌರವಕ್ಕೂ ಅದರ ಪರಿಣಾಮ ಎನ್ನಲಾದ ಸಂಗತಿಗಳಿಗೂ ನಡುವೆ ಸಿಕ್ಕ ನಂಟು ನಿರಾಶೆ ಹುಟ್ಟಿಸುವಷ್ಟು ದುರ್ಬಲ ಎಂದು ಸಮಾಜಶಾಸ್ತ್ರಜ್ಞ ನೀಲ್ ಸ್ಮೆಲ್ಸರ್ ಅದರಲ್ಲಿ ಬರೆದರು. ಆದರೂ ಕಾರ್ಯಕ್ರಮಗಳು ನಡೆದವು. 2003ರಲ್ಲಿ ಮನೋವಿಜ್ಞಾನಿ ರಾಯ್ ಬಾಮೈಸ್ಟರ್ ಮತ್ತು ಮೂವರು ಸಹೋದ್ಯೋಗಿಗಳು ಇನ್ನೊಮ್ಮೆ ಎಲ್ಲವನ್ನೂ ಪರಿಶೀಲಿಸಿದರು. ಒಳ್ಳೆಯ ಅಂಕಕ್ಕೂ ಆತ್ಮಗೌರವಕ್ಕೂ ನಂಟಿದೆ, ಆದರೆ ಆತ್ಮಗೌರವದಿಂದ ಅಂಕ ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ, ಚೆನ್ನಾಗಿ ಓದಿದ್ದರಿಂದಲೇ ಆತ್ಮಗೌರವ ಒಂದಿಷ್ಟು ಏರುತ್ತದೆ ಎಂಬುದು ಅವರು ಕಂಡುಕೊಂಡದ್ದು.

ಎರಡು ಸಂಗತಿಗಳು ಒಟ್ಟಿಗೆ ಏರಿಳಿದರೆ ಅದು ಸಹಸಂಬಂಧ. ಒಂದನ್ನು ನಾವು ಬದಲಿಸಿದಾಗ ಇನ್ನೊಂದೂ ಬದಲಾದರೆ ಮಾತ್ರ ಮೊದಲನೆಯದು ಕಾರಣ. ಈ ವ್ಯತ್ಯಾಸ ಎಲ್ಲ ವಿದ್ಯಾರ್ಥಿಗಳಿಗೂ ಬಾಯಿಪಾಠ. ಆದರೆ ಕೈಗೆ ಒಂದು ಸಂಶೋಧನಾ ಪೇಪರ್ ಕೊಟ್ಟು "ಇದರಲ್ಲಿ ಯಾವುದು?" ಅಂದರೆ ತಡವರಿಸುತ್ತಾರೆ. ಎಂ.ಎ. ಮಟ್ಟದ ಪ್ರಾಜೆಕ್ಟ್ ಬರೆಯುವವರಿಗೆ, ಪತ್ರಿಕೆಗೆ ಸುದ್ದಿ ಮಾಡುವವರಿಗೆ, ವಾಟ್ಸಾಪ್‌ನಲ್ಲಿ ಬಂದ "ಸಂಶೋಧನೆ ಹೇಳುತ್ತದೆ" ಎಂಬ ಸಂದೇಶ ಓದಿ ಮಕ್ಕಳ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ತಂದೆ ತಾಯಿಗೆ, ಮೂವರಿಗೂ ಬೇಕಾದ ಕೆಲಸ ಇದು. ಹೆಜ್ಜೆ ಹೆಜ್ಜೆಯಾಗಿ ಮಾಡೋಣ.

ಹೆಜ್ಜೆ 1: ಹೇಳಿಕೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

ಪೇಪರ್ ಎಷ್ಟೇ ಉದ್ದವಿರಲಿ, ಅದರ ಮುಖ್ಯ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಇದು ಜಾಸ್ತಿ ಇದ್ದವರಲ್ಲಿ ಅದೂ ಜಾಸ್ತಿ" ಎಂದಿದೆಯೋ, "ಇದು ಅದನ್ನು ಜಾಸ್ತಿ ಮಾಡುತ್ತದೆ" ಎಂದಿದೆಯೋ ನೋಡಿ. ಒಳಗಿನ ಪುಟಗಳಲ್ಲಿ ಮೊದಲನೆಯ ಮಾತು, ಶೀರ್ಷಿಕೆಯಲ್ಲಿ ಎರಡನೆಯ ಮಾತು ಇರುವುದು ತುಂಬಾ ಸಾಮಾನ್ಯ.

ಅದರ ಕೆಳಗೆ, ಎರಡನ್ನೂ ಹೇಗೆ ಅಳೆದರು ಎಂದು ಬರೆಯಿರಿ. ಎರಡೂ ಒಬ್ಬರ ಬಾಯಿಂದಲೇ ಬಂದಿದ್ದರೆ ಎಚ್ಚರ. ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವವರು ತಾವು ನೋಡಲು ಚೆನ್ನಾಗಿದ್ದೇವೆ ಎಂದೂ ಹೇಳುತ್ತಾರೆ. ಎಡ್ ಡೀನರ್ ಮತ್ತು ಸಂಗಡಿಗರು 1995ರಲ್ಲಿ ಜನರ ಫೋಟೋಗಳನ್ನು ಬೇರೆಯವರ ಮುಂದಿಟ್ಟು ಅಂಕ ಹಾಕಿಸಿದಾಗ, ರೂಪಕ್ಕೂ ಆತ್ಮಗೌರವಕ್ಕೂ ಇದ್ದ ನಂಟು ಹೆಚ್ಚುಕಡಿಮೆ ಕರಗಿಹೋಯಿತು. ಕಾರಣದ ಮಾತು ಹಾಗಿರಲಿ, ಇಲ್ಲಿ ಸಹಸಂಬಂಧವೇ ಗಟ್ಟಿಯಾಗಿರಲಿಲ್ಲ.

ಹೆಜ್ಜೆ 2: ಯಾರು ಯಾವ ಗುಂಪಿಗೆ ಎಂದು ತೀರ್ಮಾನಿಸಿದ್ದು ಯಾರು?

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ಯಾಂಪಲ್ (ಅಧ್ಯಯನಕ್ಕೆ ಆರಿಸಿಕೊಂಡ ಜನರ ಗುಂಪು) ಎಷ್ಟು ದೊಡ್ಡದು, ಸಾಫ್ಟ್‌ವೇರ್ ಯಾವುದು, ಕೋಷ್ಟಕದಲ್ಲಿ "ಇದು ಬರೀ ಆಕಸ್ಮಿಕವಲ್ಲ" ಎಂದು ಸೂಚಿಸುವ ನಕ್ಷತ್ರ ಚಿಹ್ನೆಗಳು ಎಷ್ಟಿವೆ, ಇವೆಲ್ಲ ಆಮೇಲೆ. ಮೊದಲು "ವಿಧಾನ" ಎಂಬ ಭಾಗಕ್ಕೆ ಹೋಗಿ ಈ ಪ್ರಶ್ನೆಗೆ ಉತ್ತರ ಹುಡುಕಿ.

ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. ಜನರೇ ತಾವಾಗಿ ಆ ಗುಂಪಿಗೆ ಸೇರಿರುತ್ತಾರೆ ಅಥವಾ ಬದುಕು ಅವರನ್ನು ಅಲ್ಲಿಗೆ ತಂದು ನಿಲ್ಲಿಸಿರುತ್ತದೆ. ಸರ್ವೇಗಳೆಲ್ಲ ಹೀಗೆಯೇ. ಇಲ್ಲವೇ ಸಂಶೋಧಕರು ಚೀಟಿ ಎತ್ತಿ ಹಂಚಿರುತ್ತಾರೆ. ಇದು ಪ್ರಯೋಗ. ಅದೂ ಅಲ್ಲದಿದ್ದರೆ ಒಂದು ಸರ್ಕಾರಿ ಆದೇಶ, ಒಂದು ದಿನಾಂಕ, ಹಾಜರಿ ಪಟ್ಟಿಯ ಅಕ್ಷರಕ್ರಮ, ಹೀಗೆ ಆ ಜನರ ಗುಣಕ್ಕೆ ಸಂಬಂಧವೇ ಇಲ್ಲದ ಯಾವುದೋ ಒಂದು ಅವರನ್ನು ಬೇರೆ ಮಾಡಿರುತ್ತದೆ. ಇದು ಸಹಜ ಪ್ರಯೋಗ.

ಉತ್ತರ ಮೊದಲನೆಯದಾಗಿದ್ದರೆ 3, 4, 5ನೇ ಹೆಜ್ಜೆಗಳು ಕಡ್ಡಾಯ.

ಹೆಜ್ಜೆ 3: ಬಾಣವನ್ನು ತಿರುಗಿಸಿ ನೋಡಿ

ನೀವು ಬರೆದ ವಾಕ್ಯವನ್ನು ಹಿಂದುಮುಂದು ಮಾಡಿ. "ಆತ್ಮಗೌರವ ಇದ್ದರೆ ಅಂಕ ಬರುತ್ತದೆ" ಎಂಬುದನ್ನು "ಅಂಕ ಬಂದರೆ ಆತ್ಮಗೌರವ ಏರುತ್ತದೆ" ಎಂದು ಬರೆಯಿರಿ. ಎರಡೂ ನಂಬುವ ಹಾಗೆ ಕಂಡರೆ, ಒಂದೇ ದಿನ ಮಾಡಿದ ಸರ್ವೇ ಯಾವುದು ಮೊದಲು ಎಂದು ಹೇಳಲಾರದು.

ಇಲ್ಲಿ ನೆರವಿಗೆ ಬರುವುದು ಒಬ್ಬರನ್ನೇ ಹಲವು ಸಲ ಅಳೆಯುವ ಅಧ್ಯಯನ. 1986ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ 23,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹತ್ತನೇ ತರಗತಿಯಲ್ಲಿ ಒಮ್ಮೆ, ಹನ್ನೆರಡರಲ್ಲಿ ಇನ್ನೊಮ್ಮೆ ನೋಡಿತು. ಹತ್ತರಲ್ಲಿದ್ದ ಆತ್ಮಗೌರವ ಹನ್ನೆರಡರ ಅಂಕವನ್ನು ಹೇಳುವುದರಲ್ಲಿ ತೀರಾ ದುರ್ಬಲವಾಗಿತ್ತು.

ಇನ್ನೊಂದು ಹೆಸರಾಂತ ಉದಾಹರಣೆ ನ್ಯೂಯಾರ್ಕ್ ರಾಜ್ಯದ ಕೊಲಂಬಿಯಾ ಕೌಂಟಿಯದು. ಲಿಯೊನಾರ್ಡ್ ಎರಾನ್ ತಂಡ 1960ರಲ್ಲಿ ಅಲ್ಲಿನ ಮೂರನೇ ತರಗತಿಯ ಮಕ್ಕಳು ಎಂಥ ಟಿವಿ ಕಾರ್ಯಕ್ರಮ ಇಷ್ಟಪಡುತ್ತಾರೆ, ಎಷ್ಟು ಜಗಳಗಂಟರು ಎಂದು ದಾಖಲಿಸಿತು. ಹತ್ತು ವರ್ಷದ ನಂತರ ಅವರಲ್ಲಿ ಸಿಕ್ಕವರನ್ನು ಮತ್ತೆ ಅಳೆಯಿತು. ಹುಡುಗರಲ್ಲಿ, ಚಿಕ್ಕಂದಿನ ಹೊಡೆದಾಟದ ಕಾರ್ಯಕ್ರಮಗಳ ಒಲವಿಗೂ ದೊಡ್ಡವರಾದ ಮೇಲಿನ ಜಗಳಗಂಟತನಕ್ಕೂ ಸಹಸಂಬಂಧ 0.31 (ಸೊನ್ನೆ ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು). ತಿರುಗಿಸಿ ನೋಡಿದರೆ, ಅಂದರೆ ಚಿಕ್ಕಂದಿನ ಜಗಳಗಂಟತನಕ್ಕೂ ದೊಡ್ಡವರಾದ ಮೇಲಿನ ಟಿವಿ ಒಲವಿಗೂ, 0.01 ಮಾತ್ರ. ಬಾಣ ಯಾವ ಕಡೆಗೆ ಎಂಬುದಕ್ಕೆ ಇದು ಒಳ್ಳೆಯ ಸುಳಿವು. ಆದರೆ ಸುಳಿವಷ್ಟೇ. ಮನೆಯ ವಾತಾವರಣವೇ ಮೊದಲು ಟಿವಿಯ ಆಯ್ಕೆಯಲ್ಲೂ ಆಮೇಲೆ ಜಗಳದಲ್ಲೂ ಕಾಣಿಸಿಕೊಂಡಿದ್ದರೆ ಇದೇ ಅಂಕಿಗಳು ಬರಬಹುದು ಅಲ್ವಾ? ಸಮಯದ ಕ್ರಮ ಗೊತ್ತಾದ ಮಾತ್ರಕ್ಕೆ ಮುಂದಿನ ಹೆಜ್ಜೆ ತಪ್ಪುವುದಿಲ್ಲ.

ಹೆಜ್ಜೆ 4: ಮೂರನೆಯ ಅಂಶವನ್ನು ಹುಡುಕಿ

ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ನಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಆರಿಸಿಕೊಳ್ಳಬಹುದಾದ ಒಂದು ಪ್ರಶ್ನೆ: ಸ್ತ್ರೀಶಕ್ತಿ ಸಂಘ ಸೇರಿದರೆ ಹೆಣ್ಣುಮಕ್ಕಳಿಗೆ ಗ್ರಾಮಸಭೆಯಲ್ಲಿ ಎದ್ದು ಮಾತಾಡುವ ಧೈರ್ಯ ಬರುತ್ತದೆಯೇ? ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ಊಹಿಸಿಕೊಂಡವು, ಯಾವ ಊರಿನ ಸರ್ವೇಯವೂ ಅಲ್ಲ.

ಸಂಘದಲ್ಲಿರುವ 100 ಜನರನ್ನು ಕೇಳಿದಿರಿ, 55 ಜನ ಗ್ರಾಮಸಭೆಯಲ್ಲಿ ಮಾತಾಡಿದ್ದಾರೆ. ಸಂಘದಲ್ಲಿಲ್ಲದ 100 ಜನರಲ್ಲಿ 30 ಜನ. 25ರ ಅಂತರ. ಸಂಘದಿಂದಲೇ ಧೈರ್ಯ ಬಂತು ಎಂದು ಬರೆಯಲು ಕೈ ತುಡಿಯುತ್ತದೆ.

ಈಗ ಎಸ್ಸೆಸ್ಸೆಲ್ಸಿ ಪಾಸಾದವರನ್ನು, ಆಗದವರನ್ನು ಬೇರೆ ಮಾಡಿ. ಸಂಘದಲ್ಲಿ ಪಾಸಾದವರು 70, ಅವರಲ್ಲಿ ಮಾತಾಡಿದವರು 49. ಸಂಘದ ಹೊರಗೆ ಪಾಸಾದವರು 20, ಮಾತಾಡಿದವರು 14. ಎರಡೂ ಕಡೆ ಶೇ. 70. ಇನ್ನು ಪಾಸಾಗದವರು: ಸಂಘದಲ್ಲಿ 30ಕ್ಕೆ 6, ಹೊರಗೆ 80ಕ್ಕೆ 16. ಎರಡೂ ಕಡೆ ಶೇ. 20. 25ರ ಅಂತರ ಪೂರ್ತಿ ಮಾಯ. ಓದಿದವರು ಸಂಘಕ್ಕೂ ಜಾಸ್ತಿ ಸೇರಿದ್ದರು, ಸಭೆಯಲ್ಲೂ ಜಾಸ್ತಿ ಮಾತಾಡಿದ್ದರು, ಅಷ್ಟೇ. ಈ ಲೆಕ್ಕವನ್ನು ಒಮ್ಮೆ ನೀವೇ ಕಾಗದದ ಮೇಲೆ ಮಾಡಿ. ನಾಲ್ಕು ಸಾಲಿನ ಕೂಡು-ಕಳೆ ಕಲಿಸುವಷ್ಟನ್ನು ಪಠ್ಯಪುಸ್ತಕದ ವ್ಯಾಖ್ಯೆ ಕಲಿಸುವುದಿಲ್ಲ.

ನಿಜವಾದ ಊರಿನಲ್ಲಿ ಅಂತರ ಹೀಗೆ ಪೂರ್ತಿ ಕರಗಬೇಕೆಂದೇನಿಲ್ಲ. ಅರ್ಧ ಉಳಿಯಬಹುದು. ಓದಿನ ಜೊತೆ ಇನ್ನೂ ಏನೇನೋ ಇರುತ್ತದೆ: ಅತ್ತೆ ಮನೆಯವರು ಹೊರಗೆ ಕಳಿಸುತ್ತಾರೋ ಇಲ್ಲವೋ, ಎಳೆಗೂಸು ಇದೆಯೋ, ತವರು ಅದೇ ಊರೋ. ಇಂಥ ಪಟ್ಟಿ ಮಾಡಲು ಕಂಪ್ಯೂಟರ್ ಬೇಕಾಗಿಲ್ಲ, ಆ ಊರಿನ ಬದುಕು ಗೊತ್ತಿರಬೇಕು. "ಈ ಗುಂಪಿಗೆ ಸೇರಲು ಇವರಿಂದ ಯಾಕೆ ಆಯಿತು, ಅವರಿಂದ ಯಾಕೆ ಆಗಲಿಲ್ಲ?" ಎಂದು ಅಲ್ಲಿನವರನ್ನೇ ಕೇಳಿ.

ಹೆಸರಾಂತ ಅಧ್ಯಯನಗಳೂ ಈ ಪರೀಕ್ಷೆಗೆ ಒಳಗಾಗಿವೆ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ಮಾರ್ಷ್‌ಮ್ಯಾಲೊ ಮಿಠಾಯಿಯಂಥ ತಿಂಡಿ ಇಟ್ಟು, ಸ್ವಲ್ಪ ಹೊತ್ತು ಕಾದರೆ ಇನ್ನೂ ಜಾಸ್ತಿ ಕೊಡುತ್ತೇನೆ ಎಂದಿದ್ದರು. ಜಾಸ್ತಿ ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಎಂದು 1990ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನ ಹೇಳಿತು. 2018ರಲ್ಲಿ ಟೈಲರ್ ವಾಟ್ಸ್, ಗ್ರೆಗ್ ಡಂಕನ್ ಮತ್ತು ಹಾವೊನನ್ ಕ್ವಾನ್ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯಲ್ಲಿ ಇದನ್ನು ಮತ್ತೆ ನೋಡಿದರು. ನಂಟು ಮೊದಲಿನದರ ಅರ್ಧದಷ್ಟೇ ಇತ್ತು. ಮನೆಯ ಹಿನ್ನೆಲೆ, ಮಗುವಿನ ಮೊದಲಿನ ಬುದ್ಧಿಮಟ್ಟ ಇತ್ಯಾದಿಗಳನ್ನು ಲೆಕ್ಕಕ್ಕೆ ಹಿಡಿದಾಗ ಆ ಅರ್ಧದಲ್ಲೂ ಮೂರನೇ ಎರಡರಷ್ಟು ಕುಸಿಯಿತು. ಮಗುವಿಗೆ ಕಾಯುವುದನ್ನು ಕಲಿಸಿದರೆ ಭವಿಷ್ಯ ಬದಲಾಗುತ್ತದೆ ಎಂದು ಭಾಷಣ ಮಾಡುವವರು ಈ ಎರಡನೆಯ ಅಧ್ಯಯನವನ್ನೂ ಹೇಳಬೇಕು.

ಹೆಜ್ಜೆ 5: "ಕಂಟ್ರೋಲ್ ಮಾಡಿದ್ದೇವೆ" ಎಂದರೆ ಅಲ್ಲಿಗೇ ನಿಲ್ಲಬೇಡಿ

ಸಂಶೋಧಕರು ವಯಸ್ಸು, ಆದಾಯ, ಶಿಕ್ಷಣ ಎಲ್ಲವನ್ನೂ ಕಂಟ್ರೋಲ್ ಮಾಡಿದ್ದೇವೆ ಎಂದು ಬರೆಯುತ್ತಾರೆ. ಸಂಘದ ಲೆಕ್ಕದಲ್ಲಿ ನಾವು ಕೈಯಲ್ಲಿ ಮಾಡಿದ್ದನ್ನೇ ಅವರು ಯಂತ್ರದಲ್ಲಿ ಮಾಡಿರುತ್ತಾರೆ. ಅಳೆಯದೇ ಇದ್ದದ್ದನ್ನು ಯಾವ ಯಂತ್ರವೂ ಕಂಟ್ರೋಲ್ ಮಾಡಲಾರದು. ಒರಟಾಗಿ ಅಳೆದದ್ದು ಅರ್ಧಂಬರ್ಧ ಮಾತ್ರ ಕಂಟ್ರೋಲ್ ಆಗುತ್ತದೆ. "ನಿಮ್ಮ ಆದಾಯ ಎಷ್ಟು?" ಎಂಬ ಒಂದು ಪ್ರಶ್ನೆ ಒಂದು ಮನೆಯ ಬಡತನವನ್ನು ಹಿಡಿದಿಡುವುದಿಲ್ಲ.

ಜಾಸ್ತಿ ಕಂಟ್ರೋಲ್ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. ಸಂಘ ಸೇರಿದ ಮೇಲೆ ಬ್ಯಾಂಕಿಗೆ ಹೋಗಿಬರುವುದು ರೂಢಿಯಾಗಿ, ಅದರಿಂದಲೇ ಧೈರ್ಯ ಬಂದಿತು ಅಂದುಕೊಳ್ಳಿ. ಬ್ಯಾಂಕ್ ಓಡಾಟವನ್ನೂ ಕಂಟ್ರೋಲ್ ಮಾಡಿದರೆ ಸಂಘದ ನಿಜವಾದ ಪರಿಣಾಮವನ್ನೇ ಅಳಿಸಿಹಾಕಿದಂತೆ. ನಿಯಮ ಇಷ್ಟೇ: ಗುಂಪಿಗೆ ಸೇರುವ ಮೊದಲೇ ಇದ್ದದ್ದನ್ನು ಲೆಕ್ಕಕ್ಕೆ ಹಿಡಿಯಿರಿ, ಸೇರಿದ ನಂತರ ಹುಟ್ಟಿದ್ದನ್ನು ಬಿಡಿ.

ಸ್ಯಾಂಪಲ್ ಎಲ್ಲಿಂದ ಬಂತು ಎಂದೂ ನೋಡಿ. ಒಂದು ಕಾಲೇಜು ಅಂಕ ಚೆನ್ನಾಗಿದ್ದವರಿಗೆ ಅಥವಾ ಆಟದಲ್ಲಿ ಗೆದ್ದವರಿಗೆ ಸೀಟು ಕೊಡುತ್ತದೆ ಎಂದಿಟ್ಟುಕೊಳ್ಳಿ. ಆ ಕಾಲೇಜಿನೊಳಗೆ ಸರ್ವೇ ಮಾಡಿದರೆ ಆಟಗಾರರಿಗೆ ಅಂಕ ಕಡಿಮೆ ಎಂದೇ ಕಾಣುತ್ತದೆ. ಎರಡೂ ಇಲ್ಲದವರು ಗೇಟಿನ ಹೊರಗೇ ಉಳಿದಿರುತ್ತಾರಲ್ಲ!

ಇದೇ ಜಾಗದಲ್ಲಿ "ಮೊದಲು–ನಂತರ" ಅಧ್ಯಯನಗಳನ್ನೂ ಗಮನಿಸಿ. ತೀರಾ ಕಡಿಮೆ ಅಂಕ ಬಂದವರನ್ನೇ ಆರಿಸಿ ಶಿಬಿರ ಮಾಡಿದರೆ, ಶಿಬಿರ ಏನೂ ಮಾಡದಿದ್ದರೂ ಮುಂದಿನ ಸಲ ಅವರ ಸರಾಸರಿ ಸ್ವಲ್ಪ ಏರುತ್ತದೆ. ಮೊದಲ ಸಲ ಕೆಲವರಿಗೆ ಜ್ವರ ಇತ್ತು, ಕೆಲವರಿಗೆ ನಿದ್ದೆ ಆಗಿರಲಿಲ್ಲ. ಹೋಲಿಕೆಗೆ ಅಷ್ಟೇ ಕಡಿಮೆ ಅಂಕದ, ಶಿಬಿರಕ್ಕೆ ಬಾರದ ಇನ್ನೊಂದು ಗುಂಪು ಇರಲೇಬೇಕು.

ಹೆಜ್ಜೆ 6: ಸಹಜ ಪ್ರಯೋಗವಾದರೆ, ಬೇರೆ ಮಾಡಿದ ಗೆರೆಯನ್ನು ಪರೀಕ್ಷಿಸಿ

ದೆಹಲಿಯ ಅನೇಕ ಖಾಸಗಿ ಶಾಲೆಗಳು 2007ರಲ್ಲಿ ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕಾಯಿತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಬಳಸಿಕೊಂಡರು. ನಿಯಮ ಬಂದ ಮೇಲೆ ಸೇರಿದ ಬ್ಯಾಚಿನ ಶ್ರೀಮಂತ ಮಕ್ಕಳಿಗೆ ಬಡ ಸಹಪಾಠಿಗಳಿದ್ದರು, ಅದರ ಹಿಂದಿನ ಬ್ಯಾಚಿನವರಿಗೆ ಇರಲಿಲ್ಲ. ಇನ್ನೂ ಸೊಗಸಾದದ್ದೆಂದರೆ, ಕೆಲವು ಶಾಲೆಗಳು ಓದಿನ ಗುಂಪುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಮಾಡುತ್ತಿದ್ದವು. ಹೆಸರಿನ ಮೊದಲಕ್ಷರಕ್ಕೂ ಮಗುವಿನ ಉದಾರತೆಗೂ ಏನು ಸಂಬಂಧ? ಬಡ ಸಹಪಾಠಿಗಳಿದ್ದ ಮಕ್ಕಳು ಜಾಸ್ತಿ ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ, ಚುರುಕಾಗಿ ಓಡುವ ಬಡ ಮಗುವನ್ನು ಬಿಟ್ಟು ನಿಧಾನಕ್ಕೆ ಓಡುವ ಶ್ರೀಮಂತ ಮಗುವನ್ನು ಆರಿಸುವುದೂ ಅವರಲ್ಲಿ ಕಡಿಮೆ. ಇಲ್ಲಿ ಶ್ರೀಮಂತ ಮಕ್ಕಳಾಗಲಿ ಅವರ ಹೆತ್ತವರಾಗಲಿ "ನಮಗೆ ಬಡ ಗೆಳೆಯರು ಬೇಕು" ಎಂದು ಹುಡುಕಿ ಹೋಗಿರಲಿಲ್ಲ. ಕಾರಣದ ಮಾತಿಗೆ ಬಲ ಬರುವುದು ಅದರಿಂದ.

ಫೇಸ್‌ಬುಕ್ 2004ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನಲ್ಲಿ ಶುರುವಾಗಿ ಒಂದೊಂದೇ ಕಾಲೇಜಿಗೆ ಹಬ್ಬಿತು. ಬ್ರಾಘಿಯೇರಿ, ಲೆವಿ, ಮಕಾರಿನ್ 2022ರಲ್ಲಿ ಆ ದಿನಾಂಕಗಳನ್ನೇ ಗೆರೆಯಾಗಿ ಬಳಸಿ, ಫೇಸ್‌ಬುಕ್ ಕಾಲಿಟ್ಟ ಮೇಲೆ ಆ ಕಾಲೇಜುಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕೆಟ್ಟಿತು ಎಂದು ತೋರಿಸಿದರು. ನೀವು ಕೇಳಬೇಕಾದ್ದು: ಮೊದಲು ಫೇಸ್‌ಬುಕ್ ಪಡೆದ ಕಾಲೇಜುಗಳು ಬೇರೆ ರೀತಿಯವೇ? ಹೌದು, ಹೆಸರಾಂತ ಕಾಲೇಜುಗಳಿಗೆ ಅದು ಮೊದಲು ಬಂತು. ಆದ್ದರಿಂದ ಕಾಲೇಜು ಕಾಲೇಜುಗಳನ್ನು ನೇರವಾಗಿ ಹೋಲಿಸದೆ, ಪ್ರತಿ ಕಾಲೇಜಿನಲ್ಲಿ ಮೊದಲಿಗಿಂತ ಎಷ್ಟು ಬದಲಾಯಿತು ಎಂಬುದನ್ನು ಹೋಲಿಸಿದ್ದಾರೆ.

ಹೆಜ್ಜೆ 7: ಪ್ರಯೋಗವಾದರೂ ಒಳಗೆ ಇಣುಕಿ

ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋ ನಡೆಸಿದ ಕ್ರಿಕೆಟ್ ಪ್ರಯೋಗ ನನಗೆ ತುಂಬಾ ಇಷ್ಟ. ಬೇರೆ ಬೇರೆ ಜಾತಿಯ 1,261 ಯುವಕರು. ಅವರಲ್ಲಿ 800 ಜನರಿಗೆ ತಿಂಗಳ ಕಾಲದ ಲೀಗ್ ಆಡುವ ಅವಕಾಶ, ಉಳಿದವರು ಹೋಲಿಕೆಗೆ. ಯಾರು ಆಡಬೇಕು, ಯಾರ ತಂಡದಲ್ಲಿ ಒಂದೇ ಜಾತಿಯವರು, ಯಾರದರಲ್ಲಿ ಬೆರಕೆ, ಎಲ್ಲವೂ ಲಾಟರಿಯಲ್ಲಿ. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಆ ಜಾತಿಗಳಲ್ಲಿ ಸ್ನೇಹಿತರು ಹೆಚ್ಚಾದರು. ಎದುರಾಳಿಗಳಾಗಿ ಆಡಿದವರಲ್ಲಿ ಫಲ ಬಹುಮಟ್ಟಿಗೆ ತಿರುಗುಮುರುಗಾಯಿತು. ಫಲಿತಾಂಶಗಳು 2021ರಲ್ಲಿ ಪ್ರಕಟವಾದವು.

ಇದನ್ನೇ ಸರ್ವೇಯಲ್ಲಿ "ಬೇರೆ ಜಾತಿಯವರ ಜೊತೆ ಎಷ್ಟು ಸಲ ಆಡಿದ್ದೀರಿ?" ಎಂದು ಕೇಳಿದ್ದರೆ ಏನಾಗುತ್ತಿತ್ತು ಯೋಚಿಸಿ. ಜಾತಿಯ ಗೊಡವೆ ಇಲ್ಲದವರೇ ಬೆರೆತು ಆಡುತ್ತಾರೆ, ಆದ್ದರಿಂದ ಬಾಣ ತಿರುಗಿಬಿಡುತ್ತದೆ. ಇನ್ನೊಂದು ಕಡೆ, ಒಟ್ಟಿಗೆ ಆಡಿದ್ದರ ಒಳಿತೂ ಎದುರು ಆಡಿದ್ದರ ಕೆಡುಕೂ ಸೇರಿ ಸಹಸಂಬಂಧ ಸೊನ್ನೆಗೂ ಬರಬಹುದು. ಸಹಸಂಬಂಧ ಇಲ್ಲ ಅಂದ ಮಾತ್ರಕ್ಕೆ ಕಾರಣವೂ ಇಲ್ಲ ಎಂದು ಹೇಳಲಾಗದು. ಈ ಮಾತನ್ನು ತರಗತಿಗಳಲ್ಲಿ ಯಾಕೋ ಕಡಿಮೆ ಹೇಳುತ್ತಾರೆ.

ಪ್ರಯೋಗದಲ್ಲಿ ನೋಡಬೇಕಾದವು ಕೆಲವು. ಜನರನ್ನು ಊರಿನಿಂದ ಯಾದೃಚ್ಛಿಕವಾಗಿ (ಚೀಟಿ ಎತ್ತಿದ ಹಾಗೆ) ಆರಿಸಿದ್ದಕ್ಕೂ, ಆರಿಸಿದವರನ್ನು ಎರಡು ಗುಂಪಿಗೆ ಯಾದೃಚ್ಛಿಕವಾಗಿ ಹಂಚಿದ್ದಕ್ಕೂ ವ್ಯತ್ಯಾಸವಿದೆ. ಕಾರಣ ತಿಳಿಯಲು ಬೇಕಾದದ್ದು ಎರಡನೆಯದು. ಮೊದಲನೆಯದು, ಫಲಿತಾಂಶ ಊರಿಗೆಲ್ಲ ಅನ್ವಯಿಸುತ್ತದೆಯೇ ಎಂದು ಹೇಳುತ್ತದೆ. ಮಧ್ಯದಲ್ಲಿ ಬಿಟ್ಟುಹೋದವರ ಸಂಖ್ಯೆ ಎರಡು ಗುಂಪಿನಲ್ಲಿ ಬೇರೆ ಬೇರೆಯಾಗಿದ್ದರೆ ಲಾಟರಿಯ ಲಾಭ ಕೈತಪ್ಪುತ್ತದೆ. ಜನರಿಗೆ ತಮ್ಮ ಮೇಲೆ ಏನು ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಿದ್ದರೆ ಉತ್ತರಗಳೂ ಅದಕ್ಕೆ ತಕ್ಕಂತೆ ಬಾಗಬಹುದು. 2018ರ ಅಮೆರಿಕದ ಚುನಾವಣೆಗೆ ಮುಂಚೆ ಹಂಟ್ ಆಲ್‌ಕಾಟ್ ತಂಡ, ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿತು. ಯಾರು ಬಿಡಬೇಕು ಎಂಬುದು ಲಾಟರಿ. ಬಿಟ್ಟವರ ನೆಮ್ಮದಿ ಸ್ವಲ್ಪ ಏರಿತು. ಆದರೆ ತಾವು ಬಿಟ್ಟಿದ್ದೇವೆ ಎಂದು ಅವರಿಗೆ ಗೊತ್ತೇ ಇತ್ತು. ಇದನ್ನು ತಪ್ಪಿಸುವುದು ಕಷ್ಟ, ಆದರೆ ಓದುವಾಗ ನೆನಪಿರಲಿ.

ಆತ್ಮಗೌರವದ ಪ್ರಶ್ನೆಗೂ ಪ್ರಯೋಗವೇ ನೇರ ಉತ್ತರ ಕೊಟ್ಟಿತು. ಡೊನೆಲ್ಸನ್ ಫೋರ್ಸೈತ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ಹಿಂದೆ ಬಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಪ್ರತಿ ವಾರ ಇಮೇಲ್ ಹೋಗುತ್ತಿತ್ತು. ಎಲ್ಲರಿಗೂ ಅಭ್ಯಾಸದ ಪ್ರಶ್ನೆಗಳಿದ್ದವು, ಒಂದು ಗುಂಪಿಗೆ ಮಾತ್ರ ಜೊತೆಗೆ ಆತ್ಮಗೌರವ ಹೆಚ್ಚಿಸುವ ಮಾತುಗಳು. ಅತಿ ಕಡಿಮೆ ಅಂಕದವರಲ್ಲಿ, ಆ ಮಾತು ಓದಿದವರ ಕೊನೆಯ ಪರೀಕ್ಷೆಯ ಅಂಕ ಇನ್ನೂ ಇಳಿಯಿತು. ಒಂದು ಅಧ್ಯಯನ ಎಲ್ಲವನ್ನೂ ಇತ್ಯರ್ಥ ಮಾಡುವುದಿಲ್ಲ, ನಿಜ. ಆದರೆ ಸುಮ್ನೆ ಹೊಗಳಿದರೆ ಮಕ್ಕಳು ಓದುತ್ತಾರೆ ಎಂದು ನಂಬಿ ಕಾರ್ಯಕ್ರಮ ರೂಪಿಸುವ ಮೊದಲು ಇಂಥದ್ದೊಂದು ಸಣ್ಣ ಪರೀಕ್ಷೆ ಆಗಬೇಕಿತ್ತು.

ಕೊನೆಗೆ ಪರಿಣಾಮದ ಗಾತ್ರ. ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಜಿಬಿಲ್ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ನೋಡಿ, ಅವರ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಜೊತೆ ತಳಕು ಹಾಕಬಹುದಾದ್ದು ಹೆಚ್ಚೆಂದರೆ ಶೇ. 0.4 ಎಂದರು. ಅದು ಸರಾಸರಿಯ ಮಾತು, ಮತ್ತು ಬರೀ ಸಹಸಂಬಂಧ. ಸ್ಯಾಂಪಲ್ ಇಷ್ಟು ದೊಡ್ಡದಾದಾಗ ಎಷ್ಟೇ ಸಣ್ಣ ನಂಟಾದರೂ ಅಂಕಿಅಂಶದ ಪರೀಕ್ಷೆ ಪಾಸಾಗುತ್ತದೆ, ಅಂದರೆ ಬರೀ ಆಕಸ್ಮಿಕವಲ್ಲ, "ಗಮನಾರ್ಹ" ಎಂಬ ಮುದ್ರೆ ಬೀಳುತ್ತದೆ. ಆದ್ದರಿಂದ "ಗಮನಾರ್ಹ" ಎಂಬ ಪದ ಕಂಡಾಗ, ಎಷ್ಟು ದೊಡ್ಡದು ಎಂದು ಕೇಳಿ.

ಹೆಜ್ಜೆ 8: ನಿಮ್ಮ ತೀರ್ಮಾನವನ್ನು ಬರೆಯಿರಿ

ಸರ್ವೇ ಮಾತ್ರ ಮಾಡಿದ್ದರೆ ಹೀಗೆ ಬರೆಯಿರಿ: "ಸಂಘದಲ್ಲಿದ್ದವರು ಗ್ರಾಮಸಭೆಯಲ್ಲಿ ಹೆಚ್ಚು ಮಾತಾಡಿದ್ದಾರೆ. ಓದನ್ನು ಲೆಕ್ಕಕ್ಕೆ ಹಿಡಿದಾಗ ಅಂತರ ಇಷ್ಟಕ್ಕೆ ಇಳಿಯುತ್ತದೆ. ಧೈರ್ಯವಂತರೇ ಸಂಘ ಸೇರಿರುವ ಸಾಧ್ಯತೆಯನ್ನು ಈ ಅಧ್ಯಯನ ತಳ್ಳಿಹಾಕುವುದಿಲ್ಲ." ಹೀಗೆ ಬರೆದರೆ ಪ್ರಾಜೆಕ್ಟ್ ಬಡವಾಗುವುದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಸಿದ್ಧವಿರುತ್ತದೆ. "ಪರಿಣಾಮ", "ಪ್ರಭಾವ", "ಹೆಚ್ಚಿಸುತ್ತದೆ" ಎಂಬ ಪದಗಳನ್ನು ಶೀರ್ಷಿಕೆಯಿಂದಲೂ ತೆಗೆಯಿರಿ. ಒಳಗೆ ಎಚ್ಚರದಿಂದ ಬರೆದು ಮೇಲೆ "ಸಂಘದ ಪ್ರಭಾವ: ಒಂದು ಅಧ್ಯಯನ" ಎಂದು ಹಾಕುವುದು ಸರಿಯಲ್ಲ.

ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ, ದುಡ್ಡು ಜಾಸ್ತಿ ಬೇಡದ ದಾರಿಯೊಂದಿದೆ. ಸಂಘದವರೋ ಸ್ವಯಂಸೇವಾ ಸಂಸ್ಥೆಯವರೋ ಭಾಷಣ ಕಲೆಯ ತರಬೇತಿ ಇಟ್ಟುಕೊಂಡಿದ್ದಾರೆ, 30 ಜಾಗಕ್ಕೆ 60 ಹೆಸರು ಬಂದಿವೆ ಎನ್ನಿ. ಹೇಗೂ ಅರ್ಧ ಜನ ಕಾಯಲೇಬೇಕು. ಯಾರು ಮೊದಲು ಎಂಬುದನ್ನು ಎಲ್ಲರ ಎದುರಿಗೇ ಚೀಟಿ ಎತ್ತಿ ತೀರ್ಮಾನಿಸಲು ಅವರನ್ನು ಒಪ್ಪಿಸಿ. ತರಬೇತಿಗೆ ಮುಂಚೆ ಅರವತ್ತೂ ಜನರನ್ನು ಅಳೆಯಿರಿ. ಮೊದಲ ಬ್ಯಾಚ್ ಮುಗಿದು ಎರಡನೆಯದು ಶುರುವಾಗುವ ಮುಂಚೆ ಮತ್ತೆ ಅರವತ್ತೂ ಜನರನ್ನು ಅಳೆಯಿರಿ. ಮಧ್ಯದಲ್ಲಿ ತರಬೇತಿ ಬಿಟ್ಟವರನ್ನೂ ಅವರ ಚೀಟಿ ಬಂದ ಗುಂಪಿನಲ್ಲೇ ಲೆಕ್ಕ ಹಾಕಿ. ಧೈರ್ಯವನ್ನು ಬಾಯಿಮಾತಿನಲ್ಲಿ ಕೇಳುವ ಬದಲು, ಗ್ರಾಮಸಭೆಗೆ ಹೋಗಿ ಕುಳಿತು ಯಾರು ಎದ್ದು ಮಾತಾಡಿದರು ಎಂದು ಗುರುತು ಹಾಕಿಕೊಳ್ಳಿ. ಗುರುತು ಹಾಕುವವರಿಗೆ ಯಾರು ಯಾವ ಬ್ಯಾಚ್ ಎಂದು ತಿಳಿದಿರಬಾರದು. ಎಲ್ಲರ ಒಪ್ಪಿಗೆ ಪತ್ರ ಮೊದಲೇ ಇರಲಿ, ಎರಡನೇ ಬ್ಯಾಚಿನವರಿಗೆ ಕೊಟ್ಟ ಮಾತಿನಂತೆ ತರಬೇತಿ ನಡೆಯಲಿ.